ಹುಸೇನನ ತಲೆಸುತ್ತು, ನನ್ನ ಸಾಕ್ಷಿ

ದಾವಣಗೆರೆ
18-11-1961

ಪ್ರೀತಿಯ ಹುಸೇನ್ ಸಾಬನಿಗೆ ನಿನ್ನ ಹಯಾತ್ ಸಾಬನ ಸಲಾಂ.

ನೀನು ದಾವಣಗೆರೆ ಬಿಟ್ಟು ಗುತ್ತೂರಿನಲ್ಲಿ ಭಾವಮೈದುನನ ಮನೆ ಸೇರಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ತಡವಾಯಿತು. ಭಟ್ಟಿಯಲ್ಲಿ ಕೈತುಂಬ ಕೆಲಸ ಎಂದು ಬರೆಯೋಣವೆಂದರೆ, ಮಳೆಗಾಲದಲ್ಲಿ ಮಂಡಕ್ಕಿ ಎಷ್ಟು ಹೋಗುತ್ತದೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮುಖ ಇರಲಿಲ್ಲ, ಬರೆಯಲಿಲ್ಲ.

ಬರೆಯಲು ಕೂತವನು ಅಭ್ಯಾಸದಂತೆ ಮೊದಲು ಖರ್ಚು ಕೂಡಿಸಿದೆ. ಡಾಕ್ಟರ ಫೀಸು, ಮಾತ್ರೆ, ತಾಯಿತ, ನಿಂಬೆಹಣ್ಣು, ನಿನ್ನ ತಲೆಗೆ ನಿವಾಳಿಸಿ ಕೊಟ್ಟ ಕೋಳಿ, ಎಲ್ಲ ಸೇರಿ ನಲವತ್ತು ರೂಪಾಯಿಯ ಒಳಗೇ. ಅದರಲ್ಲಿ ಸಾರ್ಥಕವಾದದ್ದು ಕೋಳಿಯೊಂದೇ, ಯಾರೋ ತಿಂದರು. ಆಮೇಲೆ ನಿನ್ನ ಕಸುಬು, ನಿನ್ನ ಮನೆ, ಮಗಳು ಮಾಸೂಮಾಳ ನಿಶ್ಚಿತಾರ್ಥ ಎಂದು ಬರೆದುಕೊಂಡೆ. ಅವುಗಳ ಮುಂದೆ ಎಷ್ಟು ಎಂದು ಹಾಕಲಿ? ಪೆನ್ಸಿಲ್ ಕೆಳಗಿಟ್ಟೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನನ್ನ ಕಣ್ಣಾರೆ ಕಂಡದ್ದು ನನ್ನ ಅಕ್ಷರದಲ್ಲಿ ನಿನ್ನ ಹತ್ತಿರ ಇರಲಿ. ಯಾರು ಕೇಳಿದರೂ ತೋರಿಸು.

ಇಬ್ಬರೂ ಕೂಡಿ ಹಾಕಿದ ಮಂಡಕ್ಕಿ ಭಟ್ಟಿ ಅದು. ಬಾಣಲೆ ನಿನ್ನದು, ಗಲ್ಲಾ ನನ್ನದು; ನಿನ್ನ ಕೈಗೆ ಮರಳಿನ ಕಾವು ಗೊತ್ತಾಗುತ್ತಿತ್ತು, ನನ್ನ ಬಾಯಿಗೆ ಗಿರಾಕಿಯ ಗುಟ್ಟು. ಈ ಬೇಸಿಗೆಯಲ್ಲಿ ಒಂದು ದಿನ ನೀನು ಒಲೆಗೆ ಹೊಟ್ಟು ತಳ್ಳಲು ಬಗ್ಗಿ ತಲೆ ಎತ್ತಿದವನು ಹಾಗೇ ವಾಲಿದೆ. ಕಾದ ಮರಳಿಗೆ ಮುಖ ತಾಗುವುದು ಗೇಣಿನಲ್ಲಿ ತಪ್ಪಿತು. "ಭಟ್ಟಿನೇ ತಿರುಗ್ತಾ ಐತೆ ಭಾಯ್, ಹಿಡಕೊಳ್ರಿ" ಎಂದು ಗೋಡೆಯನ್ನು ಅಪ್ಪಿಕೊಂಡೆ. ಆಮೇಲೆ ದಿನವೂ ಅದೇ. ಮೇಲಿನ ಗೂಡಿಗೆ ಕಣ್ಣೆತ್ತಿದರೆ ಸುತ್ತು, ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಸುತ್ತು, ವಾಂತಿ.

ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಿನ್ನನ್ನು ಮೇಜಿನ ಮೇಲೆ ಕೂರಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಸರ್ರನೆ ಹಿಂದಕ್ಕೆ ಮಲಗಿಸಿದರು. ನಿನ್ನ ಕಣ್ಣುಗುಡ್ಡೆ ಅತ್ತಿತ್ತ ಪಟಪಟ ಆಡಿದ್ದನ್ನು ನಾನೂ ಬಗ್ಗಿ ನೋಡಿದೆ.

"ಮೇಸ್ತ್ರಿಗಳ ರಸಮಟ್ಟ ನೋಡಿದ್ದೀರಲ್ಲ? ಅಂಥದ್ದೊಂದು ಕಿವಿಯೊಳಗೆ ಇರ್ತದೆ. ಇವರದು ಕೆಟ್ಟಿದೆ. ನೆಟ್ಟಗೆ ನಿಂತಿದ್ರೂ ಬಿದ್ದೆ ಬಿದ್ದೆ ಅಂತ ಹೇಳ್ತಿರ್ತದೆ. ತಲೆ ಬಗ್ಗಿಸಬ್ಯಾಡ್ರಿ" ಎಂದರು ಡಾಕ್ಟರು.

"ನಮಾಜು?" ಎಂದೆ ನೀನು.

"ಕೂತು ಮಾಡ್ರಿ."

ಕೂತು ಮಾಡಬಹುದೆಂದು ಮೌಲ್ವಿ ಸಾಹೇಬರೂ ಹೇಳಿದ್ದರು. ನೀನು ಕೇಳಬೇಕಲ್ಲ? "ಹಣೆ ನೆಲಕ್ಕೆ ಮುಟ್ಟದಿದ್ರ ನನಗೆ ಸಮಾಧಾನ ಆಗಲ್ಲ" ಎಂದು ಶುಕ್ರವಾರ ಸಾಲಿನಲ್ಲಿ ನಿಂತೆ. ಸಜ್ದಾದಿಂದ ಏಳುವಾಗ ಪಕ್ಕದವರ ಮೇಲೆ ಉರುಳಿ ವಾಂತಿ ಮಾಡಿಕೊಂಡೆ. ಸಂಜೆಯ ಹೊತ್ತಿಗೆ ಹುಸೇನ್ ಸಾಬ್ ಕುಡಿದು ಮಸೀದಿಗೆ ಬಂದ ಎಂದು ಓಣಿಯೆಲ್ಲ ಮಾತು.

ಜಮಾತಿನ ಹಿರಿಯರು ಕರೆಸಿ ಕೇಳಿದರು. ಕಿವಿಯ ಕಾಯಿಲೆ ಎಂದು ನೀನು ಹೇಳಿದ್ದಕ್ಕೆ ಮಸೀದಿಯ ಆಡಳಿತ ನೋಡುವ ಮುತವಲ್ಲಿಗಳು, "ಕಿವಿ ಕೆಟ್ರೆ ಕಾಲು ಯಾಕ ತಡವರಿಸ್ತೈತಪ್ಪಾ?" ಎಂದರು. "ಹಯಾತ್ ಭಾಯ್ ನನ್ನ ಜೊತಿಗೇ ಇದ್ರು, ಕೇಳ್ರಿ" ಎಂದು ನೀನು ನನ್ನ ಕಡೆ ತಿರುಗಿದೆ. ಹಾಗೆ ತಿರುಗಿದ್ದಕ್ಕೂ ನಿನಗೆ ಸುತ್ತು ಬಂತು, ಕಂಬ ಹಿಡಿದೆ. ನಾನು ಅಂದದ್ದು ಇದು: "ಡಾಕ್ಟ್ರ ಇಂಗ್ಲೀಷು ನನಗೆಲ್ಲಿ ತಿಳೀತೈತ್ರೀ? ಇವನ ಕಿವಿಯೊಳಗ ಏನು ಹೊಕ್ಕೈತೋ ಬಾಟ್ಲಿನೇ ಹೇಳಬೇಕು."

ಡಾಕ್ಟರು ಆಡಿದ್ದು ಅಚ್ಚ ಕನ್ನಡ. ಜನ ನಕ್ಕರು. ಆ ನಗುವೇ ತೀರ್ಪಾಯಿತು; ನಿನ್ನನ್ನು ಜಮಾತಿನಿಂದ ಹೊರಗಿಟ್ಟರು, ಮಾಸೂಮಾಳ ನಿಶ್ಚಿತಾರ್ಥ ಮುರಿಯಿತು. ನಾಲಿಗೆ ಜಾರಿತು, ಹುಸೇನ್. ಮಾತು ಮಾರಿ ಬದುಕಿದವನ ನಾಲಿಗೆ, ನಗುವ ಜನ ಕಂಡರೆ ನಿಲ್ಲುವುದಿಲ್ಲ.

ಹೋದ ವಾರ ನಮ್ಮ ಮನೆಯವಳು ಖತೀಜಾಬೀ ನಿಮ್ಮಲ್ಲಿಗೆ ಬಂದುಹೋದಳಲ್ಲ, ವಾಪಸು ಬಂದವಳು ಎರಡು ದಿನ ನನ್ನ ಮುಂದೆ ತಟ್ಟೆ ಕುಕ್ಕಿ ಹೋದಳು. ಆಮೇಲೆ ಒಂದೊಂದೇ ಹೇಳಿದಳು. ದಿಂಬು ಒಟ್ಟಿಕೊಂಡು ಕೂತೇ ನಿದ್ದೆ ಮಾಡುತ್ತೀಯಂತೆ. ಬಚ್ಚಲಿಗೆ ಹೋಗಲು ಮಾಸೂಮಾಳ ಹೆಗಲು ಬೇಕಂತೆ. ಪೇಪರು ಹಿಡಿದರೆ ಸಾಲುಗಳು ಇರುವೆಯ ಹಾಗೆ ಹರಿಯುತ್ತವಂತೆ, ಅವಳೇ ಓದಿ ಹೇಳಬೇಕಂತೆ. ಹಾಗಾದರೆ ಈ ಕಾಗದವನ್ನು ಓದುತ್ತಿರುವುದೂ ಅವಳೇ. ಓದು ಮಗಳೇ. ಅಬ್ಬಾಗೆ ಸುತ್ತು ಬಂದರೆ ನಿಲ್ಲಿಸಿ ಓದು.

ನಿನ್ನ ಮನೆಯವಳು ರಶೀದಾ ಹೇಳಿದ ಮಾತನ್ನೂ ತಂದಳು. "ಅಂಗಡಿಗೆ ಹೊಂಟ್ರೆ ಹುಡುಗ್ರು ಕುಡುಕ ಕುಡುಕ ಅಂತಾವ, ಅದನ್ನ ಇವ್ರು ತಡಕೋತಾರೆ. ಹಯಾತ್ ಭಾಯ್ ಯಾಕ ಹಂಗಂದ್ರು, ಅದೊಂದೇ ಕೇಳ್ತಿರ್ತಾರೆ ಭಾಬಿ."

ಮರುದಿನವೇ ಹರಿಹರಕ್ಕೆ ಹೋದೆ, ಚಾಂದ್ ಪಾಷಾನ ಮನೆಗೆ. ಅವನ ಮಗನಿಗಲ್ಲವೇ ಮಾಸೂಮಾಳನ್ನು ಗೊತ್ತು ಮಾಡಿದ್ದು. ಡಾಕ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಕೇಳಿ ಮುಗಿಸಿ ಚಹಾ ತರಿಸಿದ. "ನಿಜ ತಿಳೀತು, ಹಯಾತ್ ಸಾಬ್. ಒಳ್ಳೇದಾಯ್ತು. ಆದ್ರ ಈ ಚಹಾ ಮಾಡಿದ್ದು ನಮ್ಮ ಹೊಸ ಸೊಸೆ" ಎಂದ. ರಾಣೆಬೆನ್ನೂರಿನ ಹುಡುಗಿಯಂತೆ. ಪರದೆಯ ಆಚೆ ಬಳೆ ಸದ್ದಾಯಿತು. ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ನಿನ್ನೆ ಶುಕ್ರವಾರ ನಮಾಜು ಮುಗಿದ ಮೇಲೆ ಎದ್ದು ನಿಂತು ಎಲ್ಲರ ಮುಂದೆ ಹೇಳಿದೆ. "ಹುಸೇನ್ ಒಂದು ಹನಿ ಮುಟ್ಟಿದವನಲ್ಲ. ಕಾಯಿಲೆ ಅಂತ ನನಗೆ ಅವತ್ತೇ ಗೊತ್ತಿತ್ತು." ಮುತವಲ್ಲಿಗಳು, "ಅವತ್ತು ಬಾಯಿಗೆ ಏನಾಗಿತ್ರೀ ನಿಮಗೆ?" ಎಂದರು. ಈ ಸಲ ಯಾರೂ ನಗಲಿಲ್ಲ. ನಿನ್ನನ್ನು ಮತ್ತೆ ಜಮಾತಿಗೆ ಕರೆಯಬೇಕೆಂದು ಹಿರಿಯರು ಒಪ್ಪಿದ್ದಾರೆ. ಬರುವ ವಾರ ಇಬ್ಬರು ಅಲ್ಲಿಗೇ ಬರುತ್ತಾರೆ.

ನೀನೂ ಬಾ. ಬಾಣಲೆಯ ಮುಂದೆ ಬೇಡ. ಗಲ್ಲಾದ ಹತ್ತಿರ ಗೋಡೆಗೆ ಒರಗಿ ಕೂರು. ಅಲ್ಲಿ ತಲೆ ಎತ್ತುವುದೂ ಬೇಡ, ಬಗ್ಗಿಸುವುದೂ ಬೇಡ. ನಿನ್ನ ಅರ್ಧ ಪಾಲು ನಿನ್ನದೇ. ಬರುವುದಿಲ್ಲ ಎಂದರೂ ಪಾಲು ಅಲ್ಲಿಗೇ ಬರುತ್ತದೆ.

ಅಲ್ಲಾಹ್ ನಿನಗೆ ಒಂದು ರಾತ್ರಿಯಾದರೂ ಕಾಲು ಚಾಚಿ ಮಲಗುವ ಭಾಗ್ಯ ಕೊಡಲಿ. ರಶೀದಾಗೆ ಸಲಾಂ. ಮಾಸೂಮಾಗೆ ದುವಾ.

ನಿನ್ನ,
ಹಯಾತ್ ಸಾಬ್

ಇನ್ನೊಂದು ಮಾತು. ಮರೆತದ್ದಲ್ಲ, ಬೇಕೆಂದೇ ಮೇಲೆ ಬಿಟ್ಟದ್ದು. ನಾಲಿಗೆ ಜಾರಿತು ಎಂದು ಬರೆದೆನಲ್ಲ, ಅದು ಸುಳ್ಳು.

ಹಿರಿಯರು ಕರೆಸಿದ ದಿನ ಮಧ್ಯಾಹ್ನ ನಿನ್ನ ಮಗಳು ಭಟ್ಟಿಗೆ ಬಂದಿದ್ದಳು. ಮಾಸೂಮಾ, ನಿಲ್ಲಿಸಬೇಡ, ನೀನು ಬಂದದ್ದರಲ್ಲಿ ತಪ್ಪೇನೂ ಇಲ್ಲ. "ಚಾಚಾ, ಡಾಕ್ಟ್ರು ಹೇಳಿದ್ದಷ್ಟೇ ಹೇಳ್ರಿ. ಹರಿಹರದೋರು ನಿಮ್ಮ ಬಾಯೇ ನೋಡ್ತಾ ಅದಾರೆ. ನಾ ಬಂದಿದ್ದು ಅಬ್ಬಾಗೆ ಗೊತ್ತಾಗೋದು ಬ್ಯಾಡ" ಎಂದಳು. ಅವಳ ತಲೆಯ ಮೇಲೆ ಕೈಯಿಟ್ಟು, ಆಯ್ತಮ್ಮ ಎಂದೆ.

ಅವಳು ಹೋದ ಮೇಲೆ ಲೆಕ್ಕ ಹಾಕಿದೆ. ಯಾರು ಕಾಯಿಲೆ ಬಿದ್ದರೂ ಪಾಲು ತಪ್ಪಿಸಬಾರದು ಎಂದು ನಾವು ಭಟ್ಟಿ ಹಾಕುವಾಗ ಮಾತಾಗಿತ್ತಲ್ಲ. ಕಾಯಿಲೆ ಎಂದರೆ ಕೂತವನಿಗೆ ಕೊಡುತ್ತಲೇ ಇರಬೇಕು. ಕುಡುಕ ಎಂದರೆ ನ್ಯಾಯ ಕೇಳುವವರು ಯಾರೂ ಇಲ್ಲ. ಬಾಟಲಿಯ ಆ ಮಾತನ್ನು ನಾನು ವಜೂ ಮಾಡುತ್ತ, ಕೈಕಾಲು ತೊಳೆಯುತ್ತಲೇ ಜೋಡಿಸಿಕೊಂಡು ಬಂದಿದ್ದೆ. ಯಾಕೆ ಹಾಗೆ ಅಂದೆ ಎಂದು ನೀನು ಕೇಳುತ್ತಿರುವುದಕ್ಕೆ ಉತ್ತರ ಇದು.

ಯಾರಿಗೆ ಏನು ಸಿಕ್ಕಿತು ಎಂದರೆ: ನನಗೆ ನಾಲ್ಕು ತಿಂಗಳು ಇಡೀ ಭಟ್ಟಿ. ಜಮಾತಿಗೆ ಒಂದು ನಗು. ಚಾಂದ್ ಪಾಷಾಗೆ ರಾಣೆಬೆನ್ನೂರಿನ ಸೊಸೆ. ನಿನಗೆ ನಿನ್ನೆಯಿಂದ ನಿನ್ನ ಹೆಸರು. ಮಾಸೂಮಾಗೆ ಏನೂ ಇಲ್ಲ.