ಅಯಸ್ಕಾಂತವನ್ನು ಆರಿಸಿದವರಿಗೆ

ಮಾನ್ಯ ಆಡಳಿತಾಧಿಕಾರಿಗಳೇ,

ನಮ್ಮ ಎಂಆರ್‌ಐ ಯಂತ್ರವನ್ನು ಕೊಂದದ್ದು ನಿಮ್ಮ ಸುತ್ತೋಲೆ. ಈಗ "ಒಂಬತ್ತು ತಿಂಗಳಿಂದ ಸಂಶೋಧನೆಯಲ್ಲಿ ಪ್ರಗತಿ ಕಂಡುಬಂದಿಲ್ಲ" ಎಂದು ನನ್ನನ್ನು ಮನೆಗೆ ಕಳಿಸುತ್ತಿರುವ ಪತ್ರದ ಕೆಳಗೂ ನಿಮ್ಮದೇ ಸಹಿ. ಕೈಕಾಲು ಕಟ್ಟಿ ನೀರಿಗೆ ತಳ್ಳಿ, ಈಜು ಬರುವುದಿಲ್ಲವೇ ಎಂದು ಕೇಳುವ ನಿಮ್ಮ ಧೈರ್ಯ ದೊಡ್ಡದು.

ಗಣೇಶ ವಿಸರ್ಜನೆಯ ಸಾಲು ರಜೆಗೆ ಮುನ್ನ ನೀವು ಆದೇಶಿಸಿದಿರಿ: "ಎಲ್ಲ ಯಂತ್ರಗಳನ್ನೂ ಆರಿಸತಕ್ಕದ್ದು." ಸ್ವಾಮಿ, ಇದು ಫ್ಯಾನಲ್ಲ. ಇದರ ಅಯಸ್ಕಾಂತ ದ್ರವರೂಪದ ಹೀಲಿಯಂನಲ್ಲಿ ಮುಳುಗಿರುತ್ತದೆ. ಅದನ್ನು ತಂಪಾಗಿಡುವ ಯಂತ್ರ ನಿಂತರೆ ಹೀಲಿಯಂ ಆವಿಯಾಗಿ ಹೋಗುತ್ತದೆ. ಅದಕ್ಕೇ ಸ್ವಿಚ್ಚಿನ ಮೇಲೆ "ಎಂದೂ ಆರಿಸಬೇಡಿ" ಎಂದು ಮೂರು ಭಾಷೆಗಳಲ್ಲಿ ಚೀಟಿ ಅಂಟಿಸಿದ್ದೆ. ಆ ಚೀಟಿ ಎಲ್ಲಿ ಹೋಯಿತು? ಆ ರಜೆಯ ಹಿಂದಿನ ವಾರವಷ್ಟೇ ನಿಮ್ಮ ಸ್ವಚ್ಛತಾ ಸಪ್ತಾಹ ನಡೆದಿತ್ತು. ಗೋಡೆಯ ಮೇಲಿನ ಅನಧಿಕೃತ ಚೀಟಿಗಳನ್ನು ಕಿತ್ತುಹಾಕಬೇಕೆಂದು ಅದಕ್ಕೂ ಒಂದು ಸುತ್ತೋಲೆ! ಕಾವಲುಗಾರ ಅಂಬಾದಾಸ ಎರಡನ್ನೂ ನಿಷ್ಠೆಯಿಂದ ಪಾಲಿಸಿದರು. "ಎಲ್ಲಾ ಯಂತ್ರ ಅಂತ ಬರದಿತ್ತಲ್ರೀ ಮೇಡಂ" ಎಂದು ನನ್ನೆದುರು ಅತ್ತರು. ಅವರದೇನು ತಪ್ಪು? ನಮ್ಮ ಸಂಸ್ಥೆಯಲ್ಲಿ ನಿಮ್ಮ ಸುತ್ತೋಲೆಗಳನ್ನು ಪೂರ್ತಿ ಓದುವವರು ಅವರೊಬ್ಬರೇ. ನಾಲ್ಕು ದಿನಗಳ ನಂತರ ಬಾಗಿಲು ತೆರೆದಾಗ ಅಯಸ್ಕಾಂತ ಸತ್ತಿತ್ತು. ರಿಪೇರಿಯ ಕಡತ ಅಂದಿನಿಂದ ನಿಮ್ಮ ಮೇಜಿನ ಮೇಲಿದೆ.

ನಾನು ಮಾಡುತ್ತಿದ್ದ ಕೆಲಸವಾದರೂ ಏನೆಂದು ನಿಮಗೆ ಗೊತ್ತೇ? ಅಲ್ಲಾಡುವ ತಲೆಯ ಚಿತ್ರವನ್ನೂ ಸ್ಪಷ್ಟವಾಗಿ ತೆಗೆಯುವ ವಿಧಾನ. ಹೊಸ ವಿಧಾನ ಬರೆದವರೇ ಮೊದಲು ಯಂತ್ರದೊಳಗೆ ಮಲಗಬೇಕೆಂಬುದು ನಮ್ಮ ಲ್ಯಾಬಿನ ರೂಢಿ. ಆರು ವರ್ಷ ಅದರೊಳಗೆ ಮಲಗಿ, ಬೇಕೆಂದೇ ತಲೆ ಅಲ್ಲಾಡಿಸಿ, ಕುತ್ತಿಗೆ ನೋವು ಸಂಪಾದಿಸಿದವಳು ನಾನು. ಮುಂದಿನ ತಿಂಗಳು ಮೂವತ್ತೈದು ತುಂಬುತ್ತದೆ. ಆಮೇಲೆ ಯಾವ ಸಂಶೋಧನಾ ಹುದ್ದೆಯ ಅರ್ಜಿಯಲ್ಲೂ ನನ್ನ ವಯಸ್ಸಿಗೆ ಜಾಗವಿಲ್ಲ. ಬೇರೆ ಕೆಲಸ ನನಗೆ ಬರುವುದೂ ಇಲ್ಲ. ನನಗೆ ಭಯವಾಗಿದೆ, ಮಾನ್ಯರೇ.

ನನ್ನ ನಂತರ ಆ ಯಂತ್ರದಲ್ಲಿ ಮಲಗಿದವಳು ತಿಪ್ಪವ್ವ. ಕಲಬುರಗಿ ಕಡೆಯಿಂದ ಬಂದು ಇಲ್ಲಿ ಪುಣೆಯಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದವಳು. ಎರಡು ವರ್ಷಗಳಿಂದ ಅವಳ ತಲೆ ನಿಲ್ಲದೆ ನಡುಗುತ್ತದೆ. ಆಸ್ಪತ್ರೆಯವರು "ಅಲ್ಲಾಡಬೇಡ" ಎಂದು ಗದರಿ, ಚಿತ್ರ ಮಸುಕಾಯಿತೆಂದು ಮೂರು ಸಲ ವಾಪಸು ಕಳಿಸಿದ್ದರು. ನಮ್ಮಲ್ಲಿ ಕಾಲುಂಗುರ ಬಿಚ್ಚಿಟ್ಟು ಮಲಗಿದಾಗ ಚಿತ್ರ ಮುಕ್ಕಾಲು ಪಾಲು ತಿಳಿಯಾಗಿ ಬಂತು. ಮುಂದಿನ ಪರೀಕ್ಷೆ ಆ ರಜೆಯ ಮಾರನೆಯ ದಿನಕ್ಕಿತ್ತು.

ಅವಳು ಪ್ರತಿ ಭಾನುವಾರ ಫೋನ್ ಮಾಡುತ್ತಾಳೆ. ಕಳೆದ ವಾರ ಕೇಳಿದಳು: "ಅಕ್ಕೋರ, ಅವತ್ತ ನಾ ಭಾಳ ಅಲ್ಲಾಡಿದ್ನಿ. ಅದಕ್ಕ ಮಷೀನ್ ಕೆಟ್ಟಿತೇನ್ರಿ? ಈ ಸಲ ಹಲ್ಲ ಕಚ್ಚಿ ಗಟ್ಟಿಯಾಗಿ ಮಲಗ್ತೀನ್ರಿ. ಸುರು ಮಾಡ್ರಿ." ಅಲ್ಲವೆಂದು ಎಷ್ಟು ಹೇಳಿದರೂ ಅವಳು ನಂಬುತ್ತಿಲ್ಲ.

ನನ್ನ ಬೇಡಿಕೆ ಇಷ್ಟೇ. ಆ ಕಡತಕ್ಕೆ ಸಹಿ ಹಾಕಿ. ನೀವು ಹಾಳುಮಾಡಿದ ಒಂಬತ್ತು ತಿಂಗಳನ್ನು ನನಗೆ ಹಿಂತಿರುಗಿಸಿ. ಜೊತೆಗೆ ಇನ್ನೊಂದು ಸುತ್ತೋಲೆ ಹೊರಡಿಸಿ: ಯಂತ್ರ ಕೆಟ್ಟದ್ದು ತಿಪ್ಪವ್ವ ಅಲ್ಲಾಡಿದ್ದರಿಂದಲ್ಲ ಎಂದು. ಅಂಬಾದಾಸ ಅದನ್ನು ಅವಳಿಗೆ ಓದಿ ಹೇಳುತ್ತಾರೆ.

ಇಂತಿ,
ಈ ತಿಂಗಳ ಕೊನೆಯವರೆಗೆ ಮಾತ್ರ ಸಂಶೋಧಕಿಯಾಗಿರುವ
ನಿಖಿತಾ, ಪುಣೆ