ಎಲುಬು ಎತ್ತಿದ ಕೈ

ತಕಾಯಾಮಾ
ನವೆಂಬರ್ ೧೮

ತೆತ್ಸುರೋ ಅಣ್ಣನಿಗೆ,

ನಿನ್ನ ಕ್ಷೇಮ ಕೇಳುವುದಿಲ್ಲ. ನಿನ್ನೆ ಕಣ್ಣಾರೆ ಕಂಡೆ. ಅಮ್ಮ ಸತ್ತ ನಲವತ್ತೊಂಬತ್ತನೇ ದಿನದ ಕಾರ್ಯಕ್ಕೆ ಕರೆಯಲು, ನೀನು ಪ್ರವಾಸಿಗರನ್ನು ಊಟಕ್ಕೆ ಕರೆತಂದಿದ್ದ ಹೋಟೆಲಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟೆ.

ಆ ಪ್ರವಾಸಿಗರಲ್ಲೊಬ್ಬಳು ತನ್ನ ಊಟದ ಕಡ್ಡಿಯಿಂದ ಗಂಡನ ಕಡ್ಡಿಗೆ ಮೀನಿನ ತುಂಡು ದಾಟಿಸುತ್ತಿದ್ದಳು. ನೀನು ತಡೆದೆ.

“ಅಯ್ಯಯ್ಯೋ, ಬೇಡಿ ಮೇಡಂ! ಹಂಗೆ ನಾವು ದಾಟಿಸೋದು ಸುಟ್ಟ ಹೆಣದ ಎಲುಬು ಮಾತ್ರ. ಹೋದ ತಿಂಗಳು ನಾನೂ ನನ್ನ ತಂಗೀನೂ ನಮ್ಮಮ್ಮನ ಎಲುಬು ಎತ್ತಿದ್ವಿ. ನನ್ನ ಕೈ ಹೆಂಗೆ ನಡುಗ್ತಿತ್ತು ಗೊತ್ತಾ?”

ಆಕೆ ಕಣ್ಣೊರೆಸಿಕೊಂಡಳು. ನೀನು ಸೊರ್ರನೆ ಸಾರು ಕುಡಿದೆ.

ಅಮ್ಮನನ್ನು ಸುಟ್ಟ ದಿನ ಫೋನಿನಲ್ಲಿ ನೀನು ಹೇಳಿದ್ದು ಬೇರೆ. “ಬಸ್ ತುಂಬಾ ಗೆಸ್ಟ್ ಇದಾರೆ ಕಣೇ, ನೀನೇ ಮುಗಿಸ್ಬಿಡು.”

ಒಂದು ಎಲುಬನ್ನು ಇಬ್ಬರು ಕೂಡಿಯೇ ಎತ್ತಬೇಕೆಂದು ಲೋಕಕ್ಕೆಲ್ಲ ಪಾಠ ಹೇಳುವವನು ನೀನು. ನಾನು ಕಡ್ಡಿ ಹಿಡಿದು ನಿಂತಿದ್ದೆ, ಎದುರಿಗೆ ಯಾರೂ ಇರಲಿಲ್ಲ. ಕೊನೆಗೆ ಚಿತಾಗಾರದ ನೌಕರನೇ ಇನ್ನೊಂದು ಜೊತೆ ಕಡ್ಡಿ ತೆಗೆದುಕೊಂಡ. ಪಾದದಿಂದ ಹಿಡಿದು ತಲೆಯವರೆಗೆ ಅಮ್ಮನನ್ನು ಕುಡಿಕೆಗೆ ತುಂಬಿದವರು ನಾವಿಬ್ಬರು. ಅವನ ಹೆಸರನ್ನೂ ನಾನು ಕೇಳಲಿಲ್ಲ.

ಆದ್ದರಿಂದ ನಲವತ್ತೊಂಬತ್ತನೇ ದಿನಕ್ಕೆ ನೀನು ಬರಬೇಡ. ಅಮ್ಮನ ಮನೆಯ ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸು.

ಇನ್ನು ಮುಂದೆ ಆ ಕಥೆ ಹೇಳುವಾಗ ಒಂದನ್ನು ತಿದ್ದಿಕೋ. ನಿನ್ನ ಬದಲು ಎಲುಬು ಎತ್ತಿದ ಆ ಕೈ ನಡುಗಲಿಲ್ಲ. ಅಮ್ಮ ಅವನಿಗೆ ಆ ದಿನದ ನಾಲ್ಕನೆಯ ಹೆಣ.

ತಂಗಿ ಎಂದು ಬರೆಯಲು ಮನಸ್ಸಿಲ್ಲದ,
ಮಿಸಾವೊ