ಉಸಿರು ನಿಂತಾಗ ಹತ್ತಿರವಿದ್ದವಳು

ನವೆಂಬರ್ ೯, ಗುರುವಾರ

ಅಜ್ಜಿಯ ಮಗ ಆಡಿದ ಮಾತು ಕಿವಿಯಿಂದ ಹೋಗುತ್ತಿಲ್ಲ.

ಈ ಮನೆಯಲ್ಲಿ ಕೆಲಸಕ್ಕಿದ್ದು ಆರು ವರ್ಷ ನಾನು ಉಣಿಸಿ, ಮೀಯಿಸಿ, ಮಗ್ಗುಲು ಹೊರಳಿಸಿದ ಅಜ್ಜಿ ಇವತ್ತು ಬೆಳಿಗ್ಗೆ ತೀರಿಕೊಂಡರು. ಕೊನೆಯ ಗುಟುಕು ನೀರು ಕುಡಿಸಿದವಳು ನಾನು. ಉಸಿರು ನಿಂತ ಮೇಲೂ ಅವರ ಮುಷ್ಟಿಯಲ್ಲಿ ನನ್ನ ಹೆಬ್ಬೆರಳಿತ್ತು.

"ಕೊನೇಲಿ ಹತ್ರ ಯಾರಿದ್ರು?" ಎಂದರು ಡಾಕ್ಟರು.

"ಯಾರೂ ಇರ್ಲಿಲ್ಲ ಸಾರ್. ಅಮ್ಮ ಒಬ್ರೇ ಹೋಗ್ಬಿಟ್ರು," ಎಂದು ಮಗ ಬಿಕ್ಕಿ ಬಿಕ್ಕಿ ಅತ್ತರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬೇಕೆಂದು ಸುಳ್ಳು ಹೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು. ಅವರು ಅದನ್ನು ನಿಜವೆಂದೇ ನಂಬಿದ್ದರು.

ಸೊಸೆ ನನ್ನ ಕಡೆ ತಿರುಗಿ, "ಹಾಸಿಗೆ ಬಟ್ಟೆ ಒಗೆದುಬಿಡಮ್ಮ, ಜನ ಬರ್ತಾರೆ," ಎಂದರು. ಅಳು ಯಾರಿಗೂ ಕೇಳದಿರಲೆಂದು ನಲ್ಲಿ ಜೋರಾಗಿ ಬಿಟ್ಟುಕೊಂಡು ಒಗೆದೆ.

ನಾಳೆ ಎದ್ದು ಯಾರ ತಲೆ ಬಾಚಲಿ? ನಾನು ಅಲ್ಲಿದ್ದೆ ಎಂದು ಹೇಳಬಲ್ಲವರು ಅಜ್ಜಿ ಒಬ್ಬರೇ.